ಹಳದಿಗೆ ತಿರುಗದ ಕಲೆ

ನಾನು ಅರಕೆರೆಗೆ ಸೊಸೆಯಾಗಿ ಬಂದಾಗ ನಮ್ಮ ಬೀದಿಯ ಬಟ್ಟೆಯನ್ನೆಲ್ಲ ಒಬ್ಬ ಮಡಿವಾಳಗಿತ್ತಿಯೇ ಒಗೆಯುತ್ತಿದ್ದಳು. ಅಂಗಡಿಗೆ ಸೋಪು ಬಂದಿದ್ದರೂ ಆಕೆ ಚೌಳುಮಣ್ಣನ್ನು ಬಿಟ್ಟಿರಲಿಲ್ಲ. ಅದರ ಕ್ಷಾರಕ್ಕೆ ಆಕೆಯ ಬೆರಳ ತುದಿಗಳು ಗೆರೆಯೇ ಇಲ್ಲದಂತೆ ಸವೆದಿದ್ದವು. ಒಗೆಯುವ ಮೊದಲು ಪ್ರತಿ ಬಟ್ಟೆಯನ್ನೂ ಮೂಸಿ ನೋಡುತ್ತಿದ್ದಳು.

ಒಮ್ಮೆ ಅರಿಶಿನ ಮೆತ್ತಿದ್ದ ನನ್ನ ಸೆರಗು ಚೌಳುನೀರಿಗೆ ಬಿದ್ದೊಡನೆ ರಕ್ತದಂತೆ ಕೆಂಪಾಯಿತು. ನಾನು ಬೆಚ್ಚಿದೆ. ಆಕೆ ಮಡಿಲಿನಿಂದ ನಿಂಬೆಹೋಳು ತೆಗೆದು ಹಿಂಡಿದಳು. ಮತ್ತೆ ಹಳದಿ ಬಂತು.

“ಚೌಳು ತಾಕುದ್ರೆ ಅರಿಶಿನ ಕೆಂಪಗಾಯ್ತದೆ. ನಿಂಬೆಣ್ಣು ಇಂಡಿ ನೋಡವ್ವ, ಆಮೇಲೆ ಎದ್ರುಕೊ.”

ಬೀದಿಯಲ್ಲಿ ಯಾರು ಏನಕ್ಕೆ ಹೆದರಿದರೂ ಆಕೆಯದು ಇದೇ ಮಾತು.

ಎದುರುಮನೆಯ ಹೊಸ ಸೊಸೆ ಜ್ವರ ಬಂದು ಸತ್ತಳೆಂದರು. ಸಾಯುವಾಗ ಉಟ್ಟಿದ್ದ ಸೀರೆ ರೂಢಿಯಂತೆ ಮಡಿವಾಳಗಿತ್ತಿಗೆ ಬಂತು. ಅದರ ತುಂಬ ಅರಿಶಿನದ ಕಲೆಗಳು. ನಾಲೆಯ ಮೆಟ್ಟಿಲ ಬಳಿ ಆಕೆ ಅದನ್ನು ಚೌಳುನೀರಿನಲ್ಲಿ ಅದ್ದಿದಾಗ ಸೀರೆಯೆಲ್ಲ ಕೆಂಪಾಗಿ, ನೀರಿಗೆ ಬಂದಿದ್ದ ನಾವು ಹೆಂಗಸರೆಲ್ಲ ಹಿಂದೆ ಸರಿದೆವು.

“ಅರಿಶಿನ ಕಣ್ರವ್ವ,” ಎನ್ನುತ್ತ ಆಕೆ ನಿಂಬೆ ಹಿಂಡತೊಡಗಿದಳು. ಕಲೆಗಳು ಒಂದೊಂದಾಗಿ ಹಳದಿಗೆ ತಿರುಗಿದವು. ತಲೆಗೆ ಹೊದೆಯುವ ಸೆರಗಿನಲ್ಲಿ ಅಂಗೈಯಗಲದ ಕಲೆಯೊಂದು ಮಾತ್ರ ತಿರುಗಲಿಲ್ಲ. ಆಕೆ ಇನ್ನೊಂದು ಹೋಳು ಹಿಂಡಿದಳು. ಆಗಲೂ ತಿರುಗಲಿಲ್ಲ.

ಸತ್ತವಳ ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದರು. “ಕಲೆ ಎಲ್ಲ ಓಯ್ತೇನಮ್ಮಿ?”

“ಓಯ್ತು ಕಣ್ರವ್ವ,” ಎಂದು ಆಕೆ ಆ ಸೆರಗನ್ನು ಒಳಗೆ ಮಡಚಿ ಗಂಟಿನ ತಳದಲ್ಲಿಟ್ಟಳು.

ಸಂಜೆ ನಮ್ಮ ಬಾಗಿಲಿಗೆ ಬಂದು, ಒಗೆದ ಬಟ್ಟೆಯನ್ನು ಕೈಗಿಡುತ್ತ ಎದುರುಮನೆಯತ್ತ ಒಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು:

“ಈಗ ಎದ್ರುಕೊ ಕಣವ್ವ.”