ನಾಲ್ಕು ಗಂಟೆ ಬಸ್ಸಿನ ಚೌಕಾಸಿ

ಬಂಗಾರಪೇಟೆ ಸಂತೆಯಲ್ಲಿ ಹುಣಸೆಹಣ್ಣು ಮಾರಿಕೊಂಡೇ ಓದಿದವನು ನಾನು. ಆಮೇಲೆ ಅದೇ ಸಂತೆಯ ಚೌಕಾಸಿ ಮಾತಿನ ಮೇಲೆ ಪಿಎಚ್.ಡಿ. ಮಾಡಿ ಸಂವಹನದ ಪ್ರೊಫೆಸರ್ ಆದೆ. ಇಲ್ಲಿನವರು ತಮಿಳಿನಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಜಗಳ ತೆಗೆದು, ಕನ್ನಡದಲ್ಲಿ ರಾಜಿಯಾಗುತ್ತಾರೆ ಎಂಬುದೇ ನನ್ನ ಸಂಶೋಧನೆಯ ಸಾರ. ಬಸ್ ಪ್ರಯಾಣಿಕರ ಸಂಘದ ಅಧ್ಯಕ್ಷಗಿರಿಯೂ ಮಾತಿನಿಂದಲೇ ಕೊರಳಿಗೆ ಬಿತ್ತು. ಹೊಸ ಮೇಷ್ಟ್ರುಗಳಿಗೆ ನನ್ನದೊಂದು ಬುದ್ಧಿಮಾತು: ಸಂಘದ ಸಭೆಗೆ ಹೋದರೆ ಬಾಯಿ ಮುಚ್ಚಿಕೊಂಡಿರಿ.

ಹೋದ ವರ್ಷ ಕಾಮಸಮುದ್ರದ ಕಡೆಯ ಹುಡುಗಿಯೊಬ್ಬಳು ನನ್ನ ಕೊನೆಯ ಕ್ಲಾಸಿಗೆ ಬರುತ್ತಲೇ ಇರಲಿಲ್ಲ. ಅವಳ ಊರಿಗೆ ಸಾಯಂಕಾಲ ಒಂದೇ ಬಸ್ಸು, ನಾಲ್ಕು ಗಂಟೆಗೆ. ನನ್ನ ಪಾಠ ಮುಗಿಯುವುದು ನಾಲ್ಕೂವರೆಗೆ. ಹಾಜರಿ ಸಾಲದೆ ಪರೀಕ್ಷೆಗೇ ಕುತ್ತು ಬಂತು. "ಪರೀಕ್ಷೆಗೆ ಕೂರಿಸಲ್ಲ ಅಂದ್ರೆ ಕಾಲೇಜ್ಯಾಕೆ? ಬಿಡುಸ್ತೀನಿ" ಎಂದು ಅವಳ ತಾಯಿ ಹಟ ಹಿಡಿದರು. ಬಸ್ಸನ್ನೇ ಅರ್ಧ ಗಂಟೆ ತಡವಾಗಿ ಬಿಡಿಸೋಣ ಎಂದು ಆಕೆಯನ್ನೂ ಕರೆದುಕೊಂಡು ಡಿಪೋಗೆ ಹೋದೆ.

ಸಂತೆಯ ನಿಯಮ ಗೊತ್ತಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಕೇಳಬೇಕು. "ಸಾಯಂಕಾಲಕ್ಕೆ ಇನ್ನೆರಡು ಬಸ್ಸು ಹಾಕಿ ಸಾರ್" ಎಂದೆ, ಗತ್ತಿನಿಂದ. ಡಿಪೋ ಸಾಹೇಬರು ಕುರ್ಚಿಗೆ ಒರಗಿದರು. ನಾನು ಎರಡರಿಂದ ಕೆಳಗಿಳಿಯುವ ಮೊದಲೇ ಹುಡುಗಿಯ ತಾಯಿ ಬಾಯಿ ಹಾಕಿದರು:

"ಎಲ್ಡು ಯಾಕ್ ಸಾ? ಇರೋದನ್ನೇ ಅರ್ಧ ಗಂಟೆ ತಡ ಮಾಡ್ಸಿದ್ರೆ ಸಾಕು ಅಂತ ದಾರೀಲಿ ನೀವೇ ಏಳಿದ್ರಲ್ಲ!"

ಸಾಹೇಬರು ನಕ್ಕರು. "ಅಷ್ಟೇನಾ? ಮಾಡೋಣ ಬಿಡಿ."

ಮಾನ ಹೋದರೂ ಬಸ್ಸು ಸಿಕ್ಕಿತು ಅಂದುಕೊಂಡೆ. ಅಷ್ಟರಲ್ಲಿ ಆಕೆ, "ಬ್ಯಾಡ ಬ್ಯಾಡ! ಮಗಳು ಅಷ್ಟೊತ್ಗೆ ಬಂದ್ರೆ ಅಸು ಆಲು ಕರೆಯೋರ್ಯಾರು? ಅದು ನನ್ನ ಮುಟ್ಟಕ್ಕೇ ಬಿಡಲ್ಲ, ಅವಳೇ ಬೇಕು. ಡೈರಿಯೋರು ಕ್ಯಾನ್ ಎತ್ಕೊಂಡು ಓಗ್ಬುಟ್ಟಿರ್ತಾರೆ" ಎಂದರು.

"ಮತ್ತೆ ನಾನೇನು ಮಾಡ್ಲಿ ತಾಯಿ?"

"ಟೈಮ್ ಬದಲಾಯ್ಸ್ಕೋ ಅಂತ ಅಸೂಗೆ ಏಳಕ್ಕಾಯ್ತದಾ? ನಿಮ್ ಪಾಠನೇ ಬೆಳಿಗ್ಗೆ ಮಾಡಿ."

"ಸರಿಯಾಗೇ ಹೇಳ್ತಿದ್ದಾರೆ" ಎಂದು ಸಾಹೇಬರೂ ಆ ಪಕ್ಷ ಸೇರಿದರು.

"ವಾರಕ್ಕೆರಡು ದಿನ?" ಎಂದೆ.

"ಎಲ್ಲಾ ದಿನ."

ಸೋಲುವಾಗಲೂ ಬರಿಗೈಯಲ್ಲಿ ಸೋಲಬಾರದು. "ಆಗಲಿ. ಆದ್ರೆ ಡಿಗ್ರಿ ಮುಗಿಯೋವರೆಗೂ ಮಗಳನ್ನ ಬಿಡಿಸೋ ಮಾತೆತ್ತಬಾರದು."

"ಈ ವರ್ಸ ನೋಡಾನ."

"ಹಾಗಾದ್ರೆ ಪಾಠ ನಾಲ್ಕೂವರೆಗೇ ಮುಗಿಯುತ್ತೆ" ಎಂದು ಎದ್ದು ನಿಂತೆ.

ಸೊಪ್ಪಿನ ಕಟ್ಟನ್ನು ತಿರುಗಿಸಿ ಮುರುಗಿಸಿ ನೋಡುವ ಹಾಗೆ ಆಕೆ ನನ್ನ ಮುಖ ನೋಡಿದರು. "ಆಯ್ತು ಬುಡಿ ಸಾ, ಡಿಗ್ರಿ ಮುಗಿಸ್ಲಿ. ನೀವು ಮಾತ್ರ ತಡ ಮಾಡ್ಬೇಡಿ."

ಈಗ ನನ್ನ ಮನೆಯಿರುವ ಊರಿಗಾಂನಲ್ಲಿ ಕಾಫಿಯನ್ನೂ ಕುಡಿಯದೆ ಕಾಲೇಜಿಗೆ ಬೆಳಗಿನ ರೈಲು ಹತ್ತುತ್ತೇನೆ. ನಾನು ಹೋಗುವಷ್ಟರಲ್ಲಿ ಹುಡುಗಿ ಬಂದು ಕೂತಿರುತ್ತಾಳೆ. ಕ್ಲಾಸಿನಲ್ಲಿ ಆಕಳಿಸುವವನು ನಾನೊಬ್ಬನೇ.