ತಿಳಿಸಿದ ಸಮಯ, ಬಂದ ಸಮಯ

ಬಿಎಸ್ಸಿ ನರ್ಸಿಂಗ್ ಮುಗಿಸಿ ಹೊನ್ನಾವರದ ಖಾಸಗಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಸೇರಿದ ದಿನದಿಂದ ಒಂದು ಡೈರಿ ಇಟ್ಟಿದ್ದೇನೆ. ಪ್ರತಿ ಪುಟದಲ್ಲೂ ಗೆರೆ ಎಳೆದು ಎರಡು ಕಾಲಂ ಮಾಡಿಕೊಳ್ಳುತ್ತೇನೆ: ಡಾಕ್ಟರಿಗೆ ತಿಳಿಸಿದ ಸಮಯ, ಡಾಕ್ಟರು ಬಂದ ಸಮಯ. ಆಸ್ಪತ್ರೆಯ ಚಾರ್ಟಿನಲ್ಲಿ ಇವೆರಡರ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಇರುವುದಿಲ್ಲ. ಡಾಕ್ಟರು ಬಂದ ಮೇಲೆಯೇ ‘ತಿಳಿಸಲಾಗಿದೆ’ ಎಂದು ಬರೆಯುವುದು ನಮ್ಮಲ್ಲಿಯ ರೂಢಿ. ಸೇರಿದ ಮೊದಲ ವಾರದಲ್ಲೇ ಕಲಿಸಿದ್ದರು. ಮೂರು ವರ್ಷದಲ್ಲಿ ಆ ಅಂತರ ಅರ್ಧ ಗಂಟೆ ಮೀರಿದ್ದು, ನನ್ನ ಲೆಕ್ಕದಲ್ಲಿ, ನಲವತ್ತೊಂದು ಸಲ.

ನಲವತ್ತೊಂದನೆಯದು ಜೂನ್ ತಿಂಗಳ ಎರಡನೇ ಸೋಮವಾರದ್ದು. ಕುಮಟಾ ಕಡೆಯ ಇಪ್ಪತ್ಮೂರರ ಹುಡುಗಿ, ಚೊಚ್ಚಲ ಹೆರಿಗೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲೆಂದು ಇಂಜೆಕ್ಷನ್ ಕೊಟ್ಟಾಗಿತ್ತು, ಆದರೂ ಬದಲಿಸಿದ ಬಟ್ಟೆಯೆಲ್ಲ ತೋಯುತ್ತಿತ್ತು. ಮಧ್ಯಾಹ್ನ 2.10ಕ್ಕೆ ಡಾಕ್ಟರಿಗೆ ಫೋನ್ ಮಾಡಿ, ರಕ್ತ ನಿಲ್ಲುತ್ತಿಲ್ಲ, ಮಣಿಪಾಲಕ್ಕೆ ಕಳಿಸಬೇಕಾಗಬಹುದು ಎಂದೆ. ಊಟ ಮುಗಿಸಿ ಬರುವುದಾಗಿ ಹೇಳಿದ ಡಾಕ್ಟರು, ಅದನ್ನು ನಿರ್ಧರಿಸುವವಳು ನೀನಲ್ಲ ಎಂದೂ ಸೇರಿಸಿದರು. ಬಂದದ್ದು 2.55ಕ್ಕೆ. ಆಂಬುಲೆನ್ಸಿನಲ್ಲಿ ಜೊತೆಗೆ ನಾನೇ ಹೋದೆ. ಭಟ್ಕಳ ದಾಟುವಾಗ ಅವಳ ಬೆರಳುಗಳು ತಣ್ಣಗಾಗಿದ್ದವು. ಜೀವ ಉಳಿಯಿತು. ಗರ್ಭಕೋಶ ತೆಗೆದರು.

ಆ ವಾರವೇ ಎಂಎಸ್ಸಿ ಅರ್ಜಿ ತಂದೆ. ಪ್ರಸೂತಿ ನರ್ಸಿಂಗಿನಲ್ಲಿ ಎರಡು ವರ್ಷ. ಹೆಸರಿನ ಮುಂದೆ ಅದೊಂದಿದ್ದರೆ ನನ್ನ ಮಾತಿಗೆ ಡಾಕ್ಟರು ತಟ್ಟೆ ಬಿಟ್ಟು ಏಳುತ್ತಾರೆ ಎಂದುಕೊಂಡಿದ್ದೆ. ಮುಟ್ಟಳ್ಳಿಯ ಮನೆಯಲ್ಲಿ ಅಮ್ಮನ ಯೋಚನೆ ಬೇರೆಯಿತ್ತು. ಎಂಎಸ್ಸಿ ಆದರೆ ಕಾಲೇಜಿನಲ್ಲಿ ಪಾಠ ಮಾಡಬಹುದು, ರಾತ್ರಿ ಪಾಳಿ ಇಲ್ಲ, ಬೆಡ್‌ಪ್ಯಾನ್ ಹಿಡಿಯುವುದಿಲ್ಲ. “ಸಿಸ್ಟರ್ ಆಗಿದ್ದು ಸಾಕೇ, ಅಕ್ಕೋರಾಗು” ಎಂದಳು. ನಮ್ಮ ಕಡೆ ಅಕ್ಕೋರು ಎಂದರೆ ಟೀಚರು.

ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅದೇ ವಿಷಯದಲ್ಲಿ ಎಂಎಸ್ಸಿ ಮಾಡಿದವರು. ಅರ್ಜಿ ಹಿಡಿದು ಅವರ ಕೋಣೆಗೆ ಹೋದೆ. ತಪಾಸಣೆಗೆ ಬರುವವರಿಗಾಗಿ ಫೈಲುಗಳಿಗೆ ಬಣ್ಣದ ಚೀಟಿ ಅಂಟಿಸುತ್ತಿದ್ದರು. ಆ ಸೋಮವಾರ ನನ್ನ ಬದಲು ನೀವು ಹೇಳಿದ್ದರೆ ಡಾಕ್ಟರು ಬರುತ್ತಿದ್ದರೇ ಎಂದು ಕೇಳಿದೆ. ಅವರು ಕೈಲಿದ್ದ ಚೀಟಿ ಅಂಟಿಸಿ ಮುಗಿಸಿದರು.

“ಹೇಳಿದ್ದೆ ಮಾರಾಯ್ತಿ. ಎರಡೂಕಾಲಿಗೆ ನಾನೂ ಫೋನ್ ಮಾಡಿದ್ದೆ. ಮೇಡಂ, ನೀವು ನಿಮ್ಮ ಫೈಲ್ ನೋಡ್ಕಳಿ ಅಂದ್ರು.”

“ಮತ್ತೆ ಎಂಎಸ್ಸಿ ಮಾಡಿದ್ದು ಎಂತಕ್ಕೆ?”

“ಕೂತ್ಕಳುಕೆ ಒಂದು ಕುರ್ಚಿ ಸಿಕ್ತು. ನಿನ್ನ ಕಾಲಿನ ನರ ಉಬ್ಬಿದ್ದು ನೋಡ್ಕ, ಕುರ್ಚಿ ಅಂದ್ರೆ ಸಣ್ಣ ಮಾತಲ್ಲ.”

ಅವರು ಫೋನ್ ಮಾಡಿದ್ದು ಚಾರ್ಟಿನಲ್ಲಿ ಇರಲಿಲ್ಲ. ನನ್ನ ಡೈರಿಯಲ್ಲೂ ಇರಲಿಲ್ಲ. ಆ ಸಂಜೆ ಹಳೆಯ ಪುಟ ತೆಗೆದು 2.15 ಎಂದು ಸೇರಿಸಿದೆ. ಎರಡು ವರ್ಷ ಓದಿದರೆ ಸಿಗುವುದು ರೋಗಿಯ ಹಾಸಿಗೆಯಿಂದ ದೂರದ ಒಂದು ಕುರ್ಚಿ. ನನಗೆ ಬೇಕಾಗಿದ್ದದ್ದು 2.10ರ ಫೋನಿಗೆ ಒಂದು ಉತ್ತರ. ಅರ್ಜಿಯ ಕೊನೆಯ ದಿನ ಶನಿವಾರವಿತ್ತು, ದಾಟಿಹೋಯಿತು. 

ಮಂಗಳವಾರ ಇನ್ನೊಬ್ಬ ಬಾಣಂತಿಯ ಚಾರ್ಟಿನಲ್ಲಿ, ಡಾಕ್ಟರು ಬರುವ ಮೊದಲೇ, ತಿಳಿಸಿದ ಸಮಯ ಬರೆದುಬಿಟ್ಟೆ: 11.20. ಅವರು ಬಂದದ್ದು 11.55ಕ್ಕೆ. ನಲವತ್ತೆರಡು.

ಹೊಸ ಪಾಳಿಪಟ್ಟಿಯಲ್ಲಿ ನನ್ನನ್ನು ಡ್ರೆಸ್ಸಿಂಗ್ ರೂಮಿಗೆ ಹಾಕಿದ್ದಾರೆ. ಕೆಳಗೆ ಮೇಡಂ ಸಹಿ ಇದೆ. ಗಾಯಕ್ಕೆ ಪಟ್ಟಿ ಕಟ್ಟಲು ಯಾವ ಡಾಕ್ಟರನ್ನೂ ಕರೆಯಬೇಕಾಗಿಲ್ಲ. ನಾನು ದಿನವೂ ಗೆರೆ ಎಳೆಯುತ್ತೇನೆ, ಎರಡೂ ಕಾಲಂ ಖಾಲಿ ಉಳಿಯುತ್ತವೆ.