ಚಿಕ್ಕಪ್ಪನ ಪಾಲಿನ ಮೊದಲ ಮೀನು

ಲೂಕಿಯಾಗೆ ಈಗ ಎಪ್ಪತ್ತೆರಡು. ಮಿಲೊಲಿಯಿ ಎಂಬ ಕಡಲೂರಿನ ಕರಿಕಲ್ಲಿನ ದಂಡೆಯಲ್ಲಿ ಅವಳ ಮನೆ. ಬೇಯಿಸಿದ ಕುಂಬಳ, ಕೆಸುವಿನ ಗೆಡ್ಡೆ ಹಾಕಿ ಹಾಕಿ ಓಪೆಲು ಮೀನಿನ ಹಿಂಡನ್ನು ಒಂದೇ ಜಾಗಕ್ಕೆ ಒಗ್ಗಿಸಿ, ಕಾಲ ಬಂದಾಗ ಬಲೆ ಇಳಿಸುತ್ತ ನಲವತ್ತು ವರ್ಷ ಕಳೆದವಳು. ಬಲೆಗೆ ಬಿದ್ದ ಮೊದಲ ಮೀನು ಮಾತ್ರ ಎಂದೂ ಮನೆಗೆ ಬರಲಿಲ್ಲ. ಅದು ಚಿಕ್ಕಪ್ಪನ ಪಾಲು.

ಚಿಕ್ಕಪ್ಪ ಎಂದರೆ ಶಾರ್ಕ್. ಲೂಕಿಯಾಳ ಅಪ್ಪನ ಬೆನ್ನಿಗೆ ಹುಟ್ಟಿದ ಕೂಸು ಉಸಿರಾಡಲಿಲ್ಲ. ಅಜ್ಜಿ ಅದನ್ನು ಪಟ್ಟೆ ಬರೆದ ನಾರುಬಟ್ಟೆಯಲ್ಲಿ ಸುತ್ತಿ ಈ ಕೊಲ್ಲಿಗೆ ಬಿಟ್ಟಳು. ಕೆಲವು ತಿಂಗಳಲ್ಲಿ ಮೈಮೇಲೆ ಅದೇ ಪಟ್ಟೆಯಿದ್ದ ಶಾರ್ಕ್ ಮರಿಯೊಂದು ದಡದ ಹತ್ತಿರ ಬಂತು. ಅಂದಿನಿಂದ ಅದು ಮನೆದೇವರು, ಮನೆಮಗನೂ ಹೌದು.

ಹೋದ ವರ್ಷ ಲೂಕಿಯಾಳ ಮೊಣಕಾಲುಗಳು ಕೈಕೊಟ್ಟವು. ಮಗನಿಗೆ ದೋಣಿ ಹತ್ತಿದರೆ ವಾಂತಿ. ಉಳಿದವಳು ಸೊಸೆ ನೊಹೆಯಾ, ಬೆಟ್ಟದ ಮೇಲೆ ದನಗಳ ನಡುವೆ ಬೆಳೆದವಳು. ಮೂರು ವಾರ ಅವಳು ಮೀನು ಕೊಂಡೊಯ್ದರೂ ಶಾರ್ಕ್ ತಲೆ ಹಾಕಲಿಲ್ಲ. ಅದು ಅವಳನ್ನು ಒಪ್ಪದಿದ್ದರೆ ಮೂರು ತಲೆಮಾರಿನ ಈ ನಂಟು ಲೂಕಿಯಾಗೇ ಕೊನೆ.

"ಏನಂತ ಕರೀತೀಯ ಅವನನ್ನ?" ಲೂಕಿಯಾ ಕೇಳಿದಳು.

"ಕಣ್ಣು ಮುಚ್ಕೊಂಡು 'ಮಹಾಸಾಗರದ ಒಡೆಯಾ' ಅಂತೀನಿ, ಅತ್ತೆ."

ಗೆಡ್ಡೆ ಸುಲಿಯುತ್ತಿದ್ದ ಲೂಕಿಯಾಳ ಕೈ ನಿಂತಿತು. "ಅವನು ಯಾವ ಸಾಗರದ ಒಡೆಯನೇ? ಈ ಕೊಲ್ಲಿ ಬಿಟ್ಟು ಆಚೆ ಹೋದವನಲ್ಲ. ನೀನು ಯಾರು ಅಂತ ಹೇಳಿದ್ಯಾ?"

"ಗೊತ್ತಿರಲ್ವಾ ಅವರಿಗೆ?"

"ಹೇಗೆ ಗೊತ್ತಿರುತ್ತೆ? ನಿಮ್ಮ ಮದುವೆ ಆಗಿದ್ದು ಬೆಟ್ಟದ ಮೇಲೆ. ಅವನೇನು ನಡ್ಕೊಂಡು ಬರೋಕಾಗ್ತಿತ್ತಾ?"

ಮರುದಿನ ಬೆಳಿಗ್ಗೆ ಲೂಕಿಯಾ ಕೋಲೂರಿಕೊಂಡು ಬಂದು ದಡದ ಬಂಡೆಯ ಮೇಲೆ ಕೂತಳು. ಕೂಗಳತೆ ದೂರದಲ್ಲಿ ನೊಹೆಯಾ ದೋಣಿ ನಿಲ್ಲಿಸಿದಳು. ತನ್ನ ಹೆಸರು, ತಾಯಿಯ ಹೆಸರು, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳಿದಳು. ಯಾರ ಹೆಂಡತಿ ಎಂಬುದನ್ನೂ ಹೇಳಿದಳು. ಅಲ್ಲಿಗೆ ಮಾತು ಮುಗಿಯಿತು. ನೀರು ಸುಮ್ಮನಿತ್ತು.

"ಮನೆ ಸುದ್ದಿ ಹೇಳೇ," ದಡದಿಂದ ದನಿ ಬಂತು.

"ನಿಮ್ಮ ಮೊಮ್ಮಗನಿಗೆ ಈಗಲೂ ದೋಣಿ ಅಂದ್ರೆ ವಾಂತಿ, ಅಜ್ಜ. ಅತ್ತೆ ಕಾಲು ಹೋಗಿದೆ. ಬಾಯಿ ಗಟ್ಟಿಯಾಗಿದೆ."

"ಕೇಳಿಸ್ತು," ಎಂದಳು ಲೂಕಿಯಾ.

ನೊಹೆಯಾ ನಗುತ್ತ ಮೀನನ್ನು ನೀರಿಗಿಳಿಸಿದಳು. ದೋಣಿಯ ಕೆಳಗಿಂದ ಪಟ್ಟೆಪಟ್ಟೆಯ ಬೆನ್ನೊಂದು ಅವಸರವಿಲ್ಲದೆ ಮೇಲೆದ್ದಿತು. ದೋಣಿ ಒಂದು ಪಕ್ಕಕ್ಕೆ ವಾಲಿ ನೆಟ್ಟಗಾಯಿತು. ಮೀನು ಇರಲಿಲ್ಲ.

ಅವಳು ದಡ ಸೇರಿ, ಅಂದು ಬಲೆಗೆ ಬಿದ್ದ ಮೀನಿನ ಬುಟ್ಟಿಯನ್ನು ಅತ್ತೆಯ ಮುಂದಿಟ್ಟಳು.

"ಸೊರಗಿದ್ದಾನಾ?" ಲೂಕಿಯಾ ಕೇಳಿದ್ದು ಅಷ್ಟೇ.

"ಇಲ್ಲ ಅತ್ತೆ. ದೋಣಿಯಷ್ಟು ಉದ್ದ ಇದ್ದಾರೆ."

ಲೂಕಿಯಾ ಉಳಿದ ಮೀನುಗಳನ್ನು ಎಣಿಸದೆ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಮೊದಲನೆಯದು ಸಂದಿತ್ತು, ಇನ್ನು ಮನೆಯವರು ತಿನ್ನಬಹುದಿತ್ತು.

"ಒಲೆ ಹಚ್ಚು," ಎಂದಳು. "ನಾಳೆ ನಾನು ಬರಲ್ಲ. ನೀವಿಬ್ಬರೇ ಮಾತಾಡ್ಕೊಳ್ಳಿ."